ಸೂಕ್ಷ್ಮದರ್ಶಕದ ಕೋಣೆಗೆ ನಿಯಮಗಳು ಬಂದ ಬಗೆ

ನಿಮ್ಮ ಕಾಲೇಜಿನ ಜೀವವಿಜ್ಞಾನ ಪ್ರಯೋಗಾಲಯದ ಗೋಡೆಯ ಮೇಲೆ ಒಂದು ಪಟ್ಟಿ ತೂಗುತ್ತಿರಬಹುದು. ಎಣ್ಣೆ ತಾಗಿದ ಮಸೂರವನ್ನು ಒರೆಸದೆ ಏಳಬೇಡಿ, ಒರೆಸಲು ಅಂಗಿಯ ತುದಿ ಬಳಸಬೇಡಿ, ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಿರಿ, ಒಳಗೆ ಏನನ್ನೂ ತಿನ್ನಬೇಡಿ, ಹೊರಡುವಾಗ ಕೈ ತೊಳೆಯಿರಿ. ಓದುವವರಿಗೆ ಇದು ಲ್ಯಾಬ್ ಸಹಾಯಕರ ಸಿಡುಕಿನಂತೆ ಕಾಣುತ್ತದೆ. ಆದರೆ ಇದರ ಒಂದೊಂದು ಸಾಲೂ ಯಾರೋ ನಷ್ಟ ಅನುಭವಿಸಿದ ಮೇಲೆ ಬರೆದದ್ದು. ಆ ಇತಿಹಾಸದ ದೊಡ್ಡ ಭಾಗವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ತಮ್ಮ ತೋಟ ಮತ್ತು ಕಾಡಿನಿಂದಲೇ ಕಲಿಯಬಹುದು.

ತೋಟದಿಂದ ಆರಂಭಿಸೋಣ. ಮಳೆಗಾಲದಲ್ಲಿ ಅಡಿಕೆ ಕೊನೆಗಳಿಗೆ ಕೊಳೆರೋಗ ತಗುಲಿ ಎಳೆಕಾಯಿಗಳು ಉದುರುವುದು ಈ ಮೂರು ತಾಲ್ಲೂಕುಗಳವರಿಗೆ ಹೊಸತಲ್ಲ. ಹಿಂದೆ ಮಲೆನಾಡಿನಲ್ಲಿ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಲೆಸ್ಲಿ ಕೋಲ್‌ಮನ್ ಎಂಬ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಗಡಿಯಾಚೆಯ ಮೈಸೂರು ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಆಗ ಶಿರಸಿ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರೋಗಕ್ಕೆ ಮಾತ್ರ ಅಂಥ ಗಡಿ ಇರಲಿಲ್ಲ.

ಕೊಳೆತ ಕಾಯಿಯ ಮೇಲಿನ ಬಿಳಿ ಬೂಷ್ಟನ್ನು ತಣ್ಣನೆಯ ನೀರಿನ ಹನಿಯಲ್ಲಿಟ್ಟು ನೀವೂ ನೋಡಬಹುದು. ನಿಂಬೆಹಣ್ಣಿನ ಆಕಾರದ ಬೀಜಕಕೋಶಗಳು ಕಾಣುತ್ತವೆ. ಸ್ವಲ್ಪ ತಾಳ್ಮೆಯಿಂದ ಕಾದರೆ ಅವು ಒಡೆದು, ಈಜುವ ಬೀಜಕಗಳು ಹೊರಬಂದು ನೀರಿನಲ್ಲಿ ಓಡಾಡುತ್ತವೆ. ರೋಗ ಮಳೆಯ ಹನಿಯೊಂದಿಗೇ ಏಕೆ ಹರಡುತ್ತದೆ, ಬೋರ್ಡೋ ದ್ರಾವಣವನ್ನು ರೋಗ ಕಾಣುವ ಮೊದಲೇ ಏಕೆ ಸಿಂಪಡಿಸಬೇಕು ಎಂಬುದು ಈ ಒಂದು ನೋಟದಲ್ಲೇ ಅರ್ಥವಾಗುತ್ತದೆ. ಇಂದಿಗೂ ಕೊನೆಗಾರರು ಮರವೇರಿ ಹೊಡೆಯುವ ಮದ್ದಿನ ಹಿಂದಿನ ತರ್ಕ ಇದೇ. ಅಂದಹಾಗೆ, ಫೈಟಾಫ್ತೊರಾ ಎಂಬ ಈ ಜೀವಿಯನ್ನು ಆಗ ಶಿಲೀಂಧ್ರವೆಂದೇ ಕರೆಯುತ್ತಿದ್ದರು. ಈಗ ಅದನ್ನು ಬೇರೆ ಗುಂಪಿಗೆ ಸೇರಿಸಲಾಗಿದೆ.

ಈ ಸರಳ ಪ್ರಯೋಗದಲ್ಲೇ ಹಂಚಿಕೊಂಡು ಬಳಸುವ ಕೋಣೆಯ ಎರಡು ಸಮಸ್ಯೆಗಳಿವೆ. ಬೀಜಕಗಳು ಹೊರಬರಲು ಸಮಯ ಬೇಕು. ಅಷ್ಟರಲ್ಲಿ ಇನ್ನೊಬ್ಬರು ಬಂದು ಸ್ಲೈಡ್ ಸರಿಸಿದರೆ, ಅಥವಾ ದೀಪವನ್ನು ಪೂರ್ತಿ ಏರಿಸಿ ಹನಿ ಒಣಗುವಂತೆ ಮಾಡಿದರೆ ಕಾದದ್ದೆಲ್ಲ ವ್ಯರ್ಥ. ಆದ್ದರಿಂದ ‘ಪ್ರಯೋಗ ನಡೆಯುತ್ತಿದೆ’ ಎಂಬ ಚೀಟಿ, ಜೊತೆಗೆ ನಿಮ್ಮ ಹೆಸರು ಮತ್ತು ಬಿಟ್ಟುಕೊಡುವ ಸಮಯ ಇರಬೇಕು. ಎರಡನೆಯದು, ಕೊಳೆತ ಕಾಯಿಗಳನ್ನು ಕಿಟಕಿಯಿಂದಾಚೆ ಎಸೆಯುವ ಅಭ್ಯಾಸ. ಕಿಟಕಿಯಾಚೆ ಯಾರದೋ ತೋಟವಿದ್ದರೆ ಅವರ ಕೊನೆಗಳಿಗೆ ನೀವೇ ರೋಗ ಕಳಿಸಿದಂತೆ. ಅವನ್ನು ಆಟೋಕ್ಲೇವ್ ಮಾಡಿ, ಇಲ್ಲವೇ ಚೆನ್ನಾಗಿ ಕುದಿಸಿ ಎಸೆಯಬೇಕು.

ಇನ್ನು ಎಣ್ಣೆ. 1878ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬೆ ಅವರು ತೈಲ ನಿಮಜ್ಜನ ಮಸೂರವನ್ನು ರೂಪಿಸಿದರು. ಮಸೂರ ಮತ್ತು ಗಾಜಿನ ನಡುವೆ ಗಾಳಿಯ ಬದಲು ಗಾಜಿನಷ್ಟೇ ವಕ್ರೀಭವನಾಂಕವುಳ್ಳ ಎಣ್ಣೆ ಇದ್ದರೆ ಹೆಚ್ಚು ಬೆಳಕು ಒಳಬರುತ್ತದೆ, ವಿವರ ಸ್ಪಷ್ಟವಾಗುತ್ತದೆ. ರಾಬರ್ಟ್ ಕಾಕ್ ಬ್ಯಾಕ್ಟೀರಿಯಾಗಳನ್ನು ಕಂಡದ್ದು ಇಂಥ ಮಸೂರದಿಂದ. ಆದರೆ ಆಗ ಬಳಸುತ್ತಿದ್ದ ಸೀಡರ್ ಮರದ ಎಣ್ಣೆ ಬಿಟ್ಟರೆ ಗೋಂದಿನಂತೆ ಗಟ್ಟಿಯಾಗುತ್ತಿತ್ತು. ‘ಒರೆಸಿಯೇ ಏಳಿ’ ಎಂಬ ನಿಯಮ ಅಂದಿನದು. ಈಗಿನ ಕೃತಕ ಎಣ್ಣೆಗಳು ಹಾಗೆ ಗಟ್ಟಿಯಾಗುವುದಿಲ್ಲ. ಆದರೂ ನಿಯಮ ಉಳಿದಿದೆ, ಉಳಿಯಲೂ ಬೇಕು. ಏಕೆಂದರೆ 100ರ ಮಸೂರದಿಂದ 40ರ ಮಸೂರಕ್ಕೆ ಹಿಂತಿರುಗಿಸುವಾಗ ಅದು ಎಣ್ಣೆಯಲ್ಲಿ ಅದ್ದಿಹೋಗುತ್ತದೆ. 40ರದು ಒಣ ಮಸೂರ. ನಂತರ ಬರುವ ವಿದ್ಯಾರ್ಥಿಗೆ ಎಲ್ಲವೂ ಮಂಜು ಮಂಜಾಗಿ ಕಾಣುತ್ತದೆ, ಆತ ತನ್ನ ಸ್ಲೈಡೇ ಕೆಟ್ಟಿದೆಯೆಂದು ಭಾವಿಸುತ್ತಾನೆ. ಹಳೆಯ ಬೀರುವಿನಲ್ಲಿ ಬಹುಕಾಲದ ಎಣ್ಣೆ ಬಾಟಲಿ ಸಿಕ್ಕರೆ ಬಳಸಬೇಡಿ. ಕಳೆದ ಶತಮಾನದ ಮಧ್ಯಭಾಗದ ಕೆಲವು ನಿಮಜ್ಜನ ತೈಲಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಸಂಯುಕ್ತಗಳಿರುತ್ತಿದ್ದವು. ಒರೆಸಲು ಸೈಲೀನನ್ನು ಧಾರಾಳವಾಗಿ ಸುರಿಯುವುದೂ ಸಲ್ಲ. ಅದರ ಆವಿ ನಮಗೆ ಹಾನಿ, ದ್ರವ ಮಸೂರದ ಅಂಟಿಗೆ ಹಾನಿ.

ಮಲೆನಾಡಿನ ಮಳೆಗೆ ಇನ್ನೊಂದು ಬಲಿ ಇದೆ, ಅದು ಮಸೂರವೇ. ಆಗಸ್ಟ್ ತಿಂಗಳಲ್ಲಿ ಶಿರಸಿಯ ಮನೆಗಳಲ್ಲಿ ಚಪ್ಪಲಿ, ಪುಸ್ತಕಗಳಿಗೆ ಬೂಷ್ಟು ಹಿಡಿಯುವುದನ್ನು ನೋಡಿದ್ದೀರಿ. ಅದೇ ಬೂಷ್ಟು ಮಸೂರದ ಮೇಲೂ ಜೇಡರ ಬಲೆಯಂತೆ ಹಬ್ಬುತ್ತದೆ. ಬೆರಳಚ್ಚಿನ ಜಿಡ್ಡು, ಧೂಳು ಅದಕ್ಕೆ ಆಹಾರ. ಅದು ಸ್ರವಿಸುವ ಆಮ್ಲಗಳು ಮಸೂರದ ಲೇಪವನ್ನೂ ಗಾಜನ್ನೂ ಕೊರೆಯುತ್ತವೆ, ಆ ಕಲೆ ಮತ್ತೆ ಹೋಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಸೈನ್ಯಗಳ ದುರ್ಬೀನುಗಳು ಹೀಗೆಯೇ ಕುರುಡಾದಾಗ ಈ ಸಮಸ್ಯೆಯನ್ನು ವಿಜ್ಞಾನಿಗಳು ಗಂಭೀರವಾಗಿ ಕೈಗೆತ್ತಿಕೊಂಡರು. ಒದ್ದೆ ಬಟ್ಟೆ ಹೊದಿಸಿದ, ಗಾಳಿಯಾಡದ ಮರದ ಪೆಟ್ಟಿಗೆ ಸೂಕ್ಷ್ಮದರ್ಶಕಕ್ಕೆ ಕೆಟ್ಟ ಜಾಗ. ಸಿಲಿಕಾ ಜೆಲ್ ಇಟ್ಟ ಬೀರು ಒಳ್ಳೆಯದು. ಅದರ ನೀಲಿ ಹರಳು ಗುಲಾಬಿಯಾದಾಗ ಬಿಸಿಮಾಡಿ ಒಣಗಿಸುವ ಕೆಲಸವನ್ನು ‘ಯಾರಾದರೂ ಮಾಡುತ್ತಾರೆ’ ಎಂದು ಬಿಟ್ಟರೆ ಯಾರೂ ಮಾಡುವುದಿಲ್ಲ. ಒಬ್ಬರ ಹೆಸರಿಗೆ ಬರೆದುಬಿಡುವುದು ಮೇಲು.

ಇಲ್ಲಿಯವರೆಗಿನದು ಉಪಕರಣದ ನಷ್ಟ. ಕಾಡಿನ ಕತೆ ಪ್ರಾಣದ್ದು.

1957ರ ಬೇಸಿಗೆಯಲ್ಲಿ ಸಿದ್ದಾಪುರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ ಬಂತು. ಮಂಗಗಳು ಸಾಯುತ್ತಿದ್ದುದರಿಂದ ಹಳದಿ ಜ್ವರವೇ ಭಾರತಕ್ಕೆ ಬಂತೇ ಎಂಬ ಆತಂಕವೂ ಮೂಡಿತು. 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಸಂಗಡಿಗರು ಇದು ಉಣುಗು, ಅಂದರೆ ಉಣ್ಣೆ ಹುಳು, ಹರಡುವ ಹೊಸ ವೈರಸ್ ಎಂದು ತೋರಿಸಿದರು. ಕಾಡಿನಿಂದ ತಂದ ಉಣುಗುಗಳನ್ನು ಸೂಕ್ಷ್ಮದರ್ಶಕದಡಿ ಜಾತಿವಾರು ಬೇರ್ಪಡಿಸಬೇಕಿತ್ತು. ಹೀಮಫೈಸಾಲಿಸ್ ಸ್ಪೈನಿಜೆರಾ ಎಂಬುದು ಮುಖ್ಯ ವಾಹಕವೆಂದು ತಿಳಿದದ್ದು ಇಂಥ ಶ್ರಮದಿಂದ. ಬಳಿಕ ಅವನ್ನು ಅರೆದು ಇಲಿಮರಿಗಳಿಗೆ ಚುಚ್ಚಿ ವೈರಸ್ ಹುಡುಕುತ್ತಿದ್ದರು.

ಈ ವೈರಸ್ಸಿನ ಕೆಲಸ ಮಾಡಿದವರಲ್ಲಿ ಅನೇಕರಿಗೆ ಕಾಯಿಲೆ ತಗುಲಿತು. ಪ್ರಯೋಗಾಲಯದಲ್ಲೇ ಸೋಂಕು ತಗುಲಿದ ನೂರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿವೆ. ಉಣುಗು ಕಚ್ಚಲೇಬೇಕೆಂದಿಲ್ಲ, ಅರೆಯುವಾಗ, ಸೂಜಿಯಿಂದ ಚಿಮ್ಮಿಸುವಾಗ ಏಳುವ ಅತಿ ಸಣ್ಣ ತುಂತುರು ಉಸಿರಿನೊಂದಿಗೆ ಒಳಹೋದರೂ ಸಾಕು. ಇಂಥದ್ದು ಪುಣೆಯಲ್ಲೇ ಮೊದಲು ಆದದ್ದಲ್ಲ. ಟೈಫಸ್ ಅಧ್ಯಯನ ಮಾಡುತ್ತಿದ್ದ ಹೊವರ್ಡ್ ರಿಕೆಟ್ಸ್ 1910ರಲ್ಲಿ, ಪ್ರೊವಾಜೆಕ್ 1915ರಲ್ಲಿ ಅದೇ ರೋಗದಿಂದ ಸತ್ತರು. ಆ ಬ್ಯಾಕ್ಟೀರಿಯಾದ ಹೆಸರಿನಲ್ಲೇ ಇಬ್ಬರೂ ಇದ್ದಾರೆ. ಪುಣೆಯ ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. 2012ರಲ್ಲಿ ಅಲ್ಲಿ ಅತ್ಯುನ್ನತ, ಅಂದರೆ ನಾಲ್ಕನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಆರಂಭವಾಯಿತು.

ನಮ್ಮ ಕಾಲೇಜಿಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹತ್ತಿರದ್ದೇ. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಹಲವರನ್ನು ಕಾಡಿತು. ನವೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಉಣುಗಿನ ಮರಿಗಳು ಕಾಡಿನ ದರಗಿನಲ್ಲಿ ಹೆಚ್ಚು. ಕ್ಷೇತ್ರ ಅಧ್ಯಯನ, ಪ್ರಾಜೆಕ್ಟ್‌ಗಳ ಕಾಲವೂ ಅದೇ. ಉತ್ಸಾಹದ ವಿದ್ಯಾರ್ಥಿಯೊಬ್ಬ ಉಣುಗನ್ನು ಶೀಶೆಯಲ್ಲಿ ತಂದು ಎಲ್ಲರೂ ಕುಳಿತುಕೊಳ್ಳುವ ಬೆಂಚಿನ ಮೇಲೆ ತೆರೆದರೆ, ಸಾಸಿವೆಗಿಂತ ಚಿಕ್ಕ ಮರಿಯೊಂದು ತಪ್ಪಿಸಿಕೊಂಡದ್ದು ಯಾರಿಗೂ ಗೊತ್ತಾಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅದು ಸೋಂಕಿನದೋ ಅಲ್ಲವೋ ತಿಳಿಯದು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರ್‌ಗಿಂತ ಸಣ್ಣ ವಿವರ ಬೇರೆಬೇರೆಯಾಗಿ ಕಾಣದು. ಈ ವೈರಸ್ಸಿನ ಗಾತ್ರ 50ರ ಆಸುಪಾಸು.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ಕೋರಿಕೆ. ಉಣುಗಿನ ರಚನೆ ಕಲಿಸಲು ಸಿದ್ಧಪಡಿಸಿದ ಶಾಶ್ವತ ಸ್ಲೈಡ್‌ಗಳಿವೆ, ಅವು ಸಾಕು. ಕಾಡಿನಿಂದ ಬಂದ ಜೀವಂತ ಉಣುಗಿಗೆ, ಸತ್ತ ಮಂಗದ ಯಾವುದೇ ಅಂಶಕ್ಕೆ ಸಾಮಾನ್ಯ ಪ್ರಯೋಗಾಲಯದ ಬಾಗಿಲು ತೆರೆಯಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಕ್ಷೇತ್ರ ಅಧ್ಯಯನ ಮುಗಿಸಿ ಬಂದ ದಿನ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮರುದಿನ ಪ್ರಯೋಗಾಲಯಕ್ಕೆ ಬನ್ನಿ ಎಂಬ ಸಾಲನ್ನು ಗೋಡೆಯ ಪಟ್ಟಿಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಬೇರೆ ಊರಿನ ಪಟ್ಟಿಗಳಲ್ಲಿ ಅದು ಬೇಕಾಗದಿರಬಹುದು, ಸಿದ್ದಾಪುರದಲ್ಲಿ ಬೇಕು.