ಬ್ಯಾಂಕ್ ಬಿಟ್ಟು ಬಳ್ಳಿ ಹಿಡಿದವನು

ಹಸುವಿನ ಕೊಂಬಿನೊಳಗೆ ಸಗಣಿ ತುಂಬಿ, ಚಳಿಗಾಲವಿಡೀ ಮಣ್ಣಲ್ಲಿ ಹೂತಿಟ್ಟು, ಆಮೇಲೆ ತೆಗೆದು ನೀರಲ್ಲಿ ಕದಡಿ ದ್ರಾಕ್ಷಿ ತೋಟಕ್ಕೆ ಚಿಮುಕಿಸೋದು! ಮಾಡುವವನು ಯಾರೋ ಮಂತ್ರವಾದಿ ಅಂದುಕೊಂಡಿರಾ? ಅಲ್ಲ ಸ್ವಾಮಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿ, ಜೆ.ಪಿ. ಮಾರ್ಗನ್ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಹೆಸರು ನಿಕೊಲಾ ಜೋಲಿ. ಲೆಕ್ಕಾಚಾರದ ಮನುಷ್ಯ ಇಂಥದ್ದಕ್ಕೆ ಹೇಗೆ ಮರುಳಾದ ಅನ್ನೋ ಕುತೂಹಲದಿಂದ ಈ ಕಥೆಯ ಬೆನ್ನು ಹತ್ತಿದೆ.

ತೋಟದ ಹೆಸರು ಕುಲೇ ದ ಸೆರಾಂ. ಫ್ರಾನ್ಸಿನ ಆಂಜೆ ನಗರದ ಹತ್ತಿರ, ಲ್ವಾರ್ ನದಿಯ ದಂಡೆಯ ಇಳಿಜಾರಿನಲ್ಲಿದೆ. ಬರೀ 7 ಹೆಕ್ಟೇರ್, ಅಂದರೆ ಹದಿನೇಳು ಎಕರೆ ಚಿಲ್ಲರೆ. ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಇಲ್ಲಿ ಬಳ್ಳಿ ನೆಟ್ಟಿದ್ದು 1130ರಲ್ಲಿ. (ನಮ್ಮ ಕಡೆ ಆಗ ಹೊಯ್ಸಳ ವಿಷ್ಣುವರ್ಧನನ ಕಾಲ!) ಅವತ್ತಿನಿಂದ ಇವತ್ತಿನವರೆಗೂ ಅದು ದ್ರಾಕ್ಷಿ ತೋಟವೇ. 1214ರಲ್ಲಿ ಇಲ್ಲಿದ್ದ ಕೋಟೆಗೆ ಇಂಗ್ಲೆಂಡಿನ ರಾಜ ಜಾನ್ ಮುತ್ತಿಗೆ ಹಾಕಿ, ಫ್ರೆಂಚ್ ಯುವರಾಜ ಲೂಯಿ ಬರುತ್ತಿದ್ದಂತೆ ಕಾಲ್ಕಿತ್ತ. ಊಟ-ಪಾನಗಳ ಬಗ್ಗೆ ಬರೆದೇ ಪ್ರಸಿದ್ಧನಾಗಿದ್ದ ಕುರ್ನೋನ್ಸ್ಕಿ ಎಂಬಾತ ಫ್ರಾನ್ಸಿನ ಐದು ಶ್ರೇಷ್ಠ ಬಿಳಿ ವೈನ್‌ಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದ.

ಜೋಲಿಯ ಮನೆಯವರು ಈ ತೋಟ ಕೊಂಡಿದ್ದು 1962ರಲ್ಲಿ. ನಿಕೊಲಾ ಕೆಲಸ ಬಿಟ್ಟು ಬಂದಿದ್ದು 70ರ ದಶಕದ ಕೊನೆಯಲ್ಲಿ. ಬಂದ ಕೂಡಲೇ ಕೃಷಿ ಇಲಾಖೆಯ ಸಲಹೆಗಾರನೊಬ್ಬ ಹಾಜರ್. ನಿಮ್ಮ ತಾಯಿ ತೋಟ ಚೆನ್ನಾಗೇ ನೋಡಿಕೊಂಡಿದ್ದಾರೆ, ಆದರೆ ಪದ್ಧತಿ ಹಳೇದು, ಕಳೆನಾಶಕ ಹೊಡೆದರೆ 14,000 ಫ್ರಾಂಕ್ ಉಳಿಯುತ್ತೆ ಅಂದ. ಬ್ಯಾಂಕಿನವನಿಗೆ ಈ ಭಾಷೆ ಅರ್ಥವಾಗದೇ ಇರುತ್ತಾ? ಹೊಡೆಸಿದ.

ಎರಡೇ ವರ್ಷ. ಮಣ್ಣಿನ ಬಣ್ಣ ಬದಲಾಗತೊಡಗಿತು. ಹುಳ-ಹುಪ್ಪಟೆ, ಹಕ್ಕಿಗಳು ಕಾಣೆಯಾದವು. ಎಂಟೂವರೆ ಶತಮಾನ ಕಾಪಾಡಿಕೊಂಡು ಬಂದದ್ದು ತನ್ನ ಕಣ್ಣೆದುರೇ ಸಾಯುತ್ತಿದೆ ಅಂತ ಅವನಿಗೆ ಹೊಳೆಯಿತು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗೋದು ಈ ಘಟ್ಟವೇ. ಉಳಿತಾಯದ ಲೆಕ್ಕ ಕಾಗದದ ಮೇಲೆ ಸರಿಯಾಗೇ ಇತ್ತು, ಹಾಳಾಗಿದ್ದು ಮಾತ್ರ ಆ ಲೆಕ್ಕದ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಆ ಹೊತ್ತಿನಲ್ಲಿ ಬಯೋಡೈನಾಮಿಕ್ ಕೃಷಿಯ ಒಂದು ಪುಸ್ತಕ ಕೈಗೆ ಸಿಕ್ಕಿತು. ಈ ಪದ್ಧತಿಯ ಮೂಲಪುರುಷ ರುಡಾಲ್ಫ್ ಸ್ಟೈನರ್ ಅನ್ನೋ ಆಸ್ಟ್ರಿಯಾದ ತತ್ತ್ವಜ್ಞಾನಿ. 1924ರ ಜೂನ್‌ನಲ್ಲಿ ಕೋಬರ್ವಿಟ್ಸ್ ಎಂಬಲ್ಲಿ (ಆಗ ಜರ್ಮನಿ, ಈಗ ಪೋಲೆಂಡ್) ರೈತರಿಗೆ ಎಂಟು ಉಪನ್ಯಾಸ ಕೊಟ್ಟ, ಮರುವರ್ಷ ತೀರಿಕೊಂಡ. ಮೇಲೆ ಹೇಳಿದ ಕೊಂಬಿನ ಗೊಬ್ಬರ ಅವನದ್ದೇ. ಹೆಕ್ಟೇರಿಗೆ 100 ಗ್ರಾಂ ಆಸುಪಾಸು ಸಾಕು, ಆದರೆ ನೀರಲ್ಲಿ ಒಂದು ಗಂಟೆ ಕದಡಬೇಕು: ಒಂದು ದಿಕ್ಕಿಗೆ ಸುಳಿ ಬರುವ ತನಕ, ಆಮೇಲೆ ಉಲ್ಟಾ. ಯಾವ ಕೆಲಸ ಯಾವತ್ತು ಅಂತ ಚಂದ್ರನ ಚಲನೆ ನೋಡಿ ಹೇಳುವ ಕ್ಯಾಲೆಂಡರ್ ಆಮೇಲೆ ಬಂತು. ಪಂಚಾಂಗ ನೋಡಿದವರಿಗೆ ಇದೇನು ಹೊಸದಲ್ಲ ಬಿಡಿ :)

ಜೋಲಿ 1980ರಲ್ಲಿ ಪ್ರಯೋಗ ಶುರು ಮಾಡಿ, 1984ರ ಹೊತ್ತಿಗೆ ಇಡೀ ತೋಟವನ್ನು ಬದಲಾಯಿಸಿದ. ಕಡಿದಾದ ಕಡೆ ಕುದುರೆ ಕಟ್ಟಿ ಉಳುಮೆ. ದ್ರಾಕ್ಷಿ ಹಣ್ಣಾದಂತೆ ನಾಲ್ಕೈದು ಸಲ ಕೈಯಲ್ಲೇ ಕೊಯ್ಲು. ಅಂಗಡಿಯ ಯೀಸ್ಟ್ ಹಾಕೋದಿಲ್ಲ, ಹಣ್ಣಿನ ಜೊತೆ ಬಂದ ಯೀಸ್ಟಿನಲ್ಲೇ ರಸ ಹುಳಿಯಬೇಕು. ಹೊಸ ಮರದ ವಾಸನೆ ಹತ್ತದಿರಲಿ ಅಂತ ಹಳೇ ಪೀಪಾಯಿಗಳು. ತೋಟದಲ್ಲಿ ಕೆಲಸ ಸರಿಯಾಗಿದ್ದರೆ ನೆಲಮಾಳಿಗೆಯಲ್ಲಿ ಮಾಡೋದಕ್ಕೆ ಏನೂ ಉಳಿಯಲ್ಲ ಅನ್ನೋದು ಅವನ ವಾದ.

ಹಾಗಾದ್ರೆ ಕೊಂಬು ಕೆಲಸ ಮಾಡುತ್ತಾ? ಕ್ಯಾಲಿಫೋರ್ನಿಯಾದ ಒಂದು ದ್ರಾಕ್ಷಿ ತೋಟದಲ್ಲಿ ಅರ್ಧಕ್ಕೆ ಮಾಮೂಲಿ ಸಾವಯವ, ಇನ್ನರ್ಧಕ್ಕೆ ಬಯೋಡೈನಾಮಿಕ್ ಪದ್ಧತಿ ಮಾಡಿ ಹೋಲಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಆರು ವರ್ಷ ಮಣ್ಣಿನ ಗುಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಜೋಲಿ ವಿಷ ನಿಲ್ಲಿಸಿದ, ಕುದುರೆ ತಂದ, ಕೊಂಬೂ ಹೂತ. ಕೋಡ್‌ನಲ್ಲಿ ಹತ್ತು ಕಡೆ ತಿದ್ದಿ, ಬಗ್ ಹೋದಮೇಲೆ ಯಾವುದರಿಂದ ಹೋಯ್ತು ಅಂತ ಹೇಗೆ ಹೇಳೋದು? ಕೊಂಬಿಗಿಂತ ವಿಷ ನಿಲ್ಲಿಸಿದ್ದಕ್ಕೇ ಹೆಚ್ಚು ಅಂಕ ಅಂತ ನನ್ನ ಗುಮಾನಿ. ಆದರೆ ಕೊಂಬಿನ ಮೇಲೆ ನಂಬಿಕೆ ಬರದಿದ್ದರೆ ಅವನು ಆ ವಿಷ ನಿಲ್ಲಿಸುತ್ತಿದ್ದನಾ? ಅದು ಗೊತ್ತಿಲ್ಲ.

ಈಚಿನ ವರ್ಷಗಳಲ್ಲಿ ತೋಟವನ್ನು ಅವನ ಮಗಳು ವರ್ಜಿನಿ ನೋಡಿಕೊಂಡು ಬಂದಿದ್ದಾರೆ. ಅಂದ ಹಾಗೆ, ಈ ವೈನ್ ಕುಡಿಯೋ ಹಿಂದಿನ ದಿನವೇ ಬೇರೆ ಪಾತ್ರೆಗೆ ಬಗ್ಗಿಸಿ ಗಾಳಿಗಿಡಬೇಕಂತೆ. ಅಷ್ಟು ತಾಳ್ಮೆ ಇದ್ದವರು ಯಾರಾದರೂ ರುಚಿ ನೋಡಿದ್ದರೆ ಹೇಗಿತ್ತು ಅಂತ ಹೇಳಿ.