ಮಂದ್ರದ ತಂತಿಯೂ ಬಾಡಿಗೆ ಮೈಕ್ ಸೆಟ್ಟೂ

ಗಣೇಶನ ಪೆಂಡಾಲಿನ ರಸಮಂಜರಿಯಲ್ಲಿ ಮೊದಲು ಕಳೆದುಹೋಗುವ ವಾದ್ಯ ಬೇಸ್ ಗಿಟಾರ್. ಗಾಯಕಿಯ ದನಿ ರಸ್ತೆಯ ಕೊನೆವರೆಗೂ ಕೇಳುತ್ತದೆ, ರಿದಮ್ ಪ್ಯಾಡ್ ಎದೆಗೇ ಗುದ್ದುತ್ತದೆ, ಕೀಬೋರ್ಡ್ ಬೇಡವೆಂದರೂ ಬಿಡುವುದಿಲ್ಲ. ಹಿಂದೆ ನಿಂತು ನಾಲ್ಕು ದಪ್ಪ ತಂತಿ ಮೀಟುತ್ತಿರುವವನ ಕೆಲಸ ಮಾತ್ರ ಕಣ್ಣಿಗೆ ಕಾಣುತ್ತದೆ, ಕಿವಿಗೆ ಬೀಳುವುದಿಲ್ಲ. ಯಾವ ಬೇಸ್ ಕೊಳ್ಳಬೇಕು, ಯಾವ ಪೆಡಲ್ ಇಟ್ಟುಕೊಳ್ಳಬೇಕು ಎಂಬ ಚರ್ಚೆ ಸಾಮಾನ್ಯವಾಗಿ ಮರ, ಪಿಕಪ್, ಬ್ರ್ಯಾಂಡು ಎಂದು ಶುರುವಾಗುತ್ತದೆ. ಬೆಂಗಳೂರಿನ ಗಾಂಧಿನಗರ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಸುತ್ತ ನುಡಿಸಿ ಜೀವನ ಮಾಡುವವರ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಇಲ್ಲಿ ವಾದ್ಯವನ್ನು ಆರಿಸುತ್ತ ಬಂದದ್ದು ವೇದಿಕೆ. ಬಾಡಿಗೆಗೆ ಬಂದ ಮೈಕ್ ಸೆಟ್ಟು, ಹಾಡುವವರ ಶ್ರುತಿ, ಆಟೋದಲ್ಲಿ ಹಿಡಿಸುವಷ್ಟು ಸಾಮಾನು, ರಾತ್ರಿ ಹತ್ತರ ಗಡುವು, ಇವು ನಾಲ್ಕೂ ಸೇರಿ ತೀರ್ಮಾನ ಮಾಡಿದ ಮೇಲೆ ವಾದಕನ ಇಷ್ಟಕ್ಕೆ ಉಳಿಯುವುದು ಬಣ್ಣವೊಂದೇ.

ಹಿಂದಿನ ಸಾಲಿಗೆ ಕೇಳಿಸುವುದು ಹೇಗೆ ಎಂಬುದು ನಮಗೆ ಹೊಸ ತಲೆನೋವೇನಲ್ಲ. ಮೈಕ್ ಇಲ್ಲದ ಕಛೇರಿಗಳಲ್ಲಿ ಪಿಟೀಲಿನ ನಾದ ದೂರಕ್ಕೆ ಹೋಗಲೆಂದೇ ಟಿ. ಚೌಡಯ್ಯನವರು ಮೂರು ತಂತಿ ಹೆಚ್ಚಿಗೆ ಕಟ್ಟಿ ಅದನ್ನು ಏಳು ತಂತಿಯ ವಾದ್ಯ ಮಾಡಿಕೊಂಡರು. ಅವರ ಹೆಸರಿನ, ಪಿಟೀಲಿನಾಕಾರದ ಸ್ಮಾರಕ ಭವನ 1980ರಿಂದ ಮಲ್ಲೇಶ್ವರದ ಮಗ್ಗುಲಲ್ಲೇ ನಿಂತಿದೆ. ಅತ್ತ ಅಮೆರಿಕದ ಕುಣಿತದ ಮನೆಗಳಲ್ಲಿ ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುತ್ತಿದ್ದವರಿಗೂ ಇದೇ ಪಾಡು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಆ ಪಾಡಿಗೆ ಸಿಕ್ಕ ಉತ್ತರ: ಹೆಗಲಿಗೆ ನೇತುಹಾಕಬಹುದು, ಆಂಪ್ಲಿಫೈಯರಿಗೆ ಸಿಕ್ಕಿಸಬಹುದು, ಫ್ರೆಟ್ಟುಗಳಿರುವುದರಿಂದ ಗಿಟಾರ್ ಬಲ್ಲವರು ಸ್ವರ ತಪ್ಪದೆ ನುಡಿಸಬಹುದು. 1960ರಲ್ಲಿ ಎರಡು ಪಿಕಪ್ಪಿನ ಜಾಝ್ ಬೇಸ್ ಬಂತು. ಇಂದಿಗೂ ಅಂಗಡಿಯಲ್ಲಿ ನೇತಾಡುವ ಬೇಸ್‌ಗಳಲ್ಲಿ ಬಹುಪಾಲು ಈ ಎರಡರಲ್ಲೊಂದರ ಸಂತಾನ.

ನಮ್ಮ ಕಡೆಗೆ ಇದು ಬಂದದ್ದು ಸಿನಿಮಾ ದಾರಿಯಲ್ಲಿ. ಕಂಟೋನ್ಮೆಂಟಿನಲ್ಲಿ ಇಂಗ್ಲಿಷ್ ಹಾಡಿನ ಬ್ಯಾಂಡುಗಳು ಮೊದಲಿಂದಲೂ ಇದ್ದವು, ಪೇಟೆಯ ಕಡೆಯವರಿಗೆ ಅವು ಬೇರೆ ಊರಿದ್ದಂತೆ. ಗಾಂಧಿನಗರ ಎಂದರೆ ಕನ್ನಡ ಚಿತ್ರರಂಗ ಎಂದೇ ಅರ್ಥವಾದರೂ ಹಾಡುಗಳ ಧ್ವನಿಮುದ್ರಣ ಬಹುಕಾಲ ಮದರಾಸಿನಲ್ಲೇ ನಡೆಯಿತು. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ, ಗಿಟಾರ್ ನುಡಿಸುತ್ತಿದ್ದ ಇಳಯರಾಜಾ ಮುಂದೆ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಸಂಗೀತ ಕೊಟ್ಟಾಗ ಬೇಸ್ ಗಿಟಾರ್ ತಾಳದ ನೆರಳಿನಿಂದ ಈಚೆ ಬಂತು. ಅದು ಹಾಡಿನ ಕೆಳಗೆ ಇನ್ನೊಂದು ಹಾಡನ್ನು ಹೇಳತೊಡಗಿತು. ರೇಡಿಯೊದಲ್ಲಿ ಅದನ್ನು ಕೇಳಿ ಬೆಳೆದ ಜನ ಪೆಂಡಾಲಿನಲ್ಲೂ ಅದನ್ನೇ ಬಯಸಿದರು.

ಆದರೆ ವಾದ್ಯ ಎಲ್ಲಿಂದ ಬರಬೇಕು? ಆಮದು ಬಿಗಿಯಾಗಿದ್ದ ಕಾಲ. ವಿದೇಶದಿಂದ ಬಂದ ನೆಂಟರು ತಂದುಕೊಟ್ಟರೆ ಉಂಟು, ಇಲ್ಲವಾದರೆ ಕಲ್ಕತ್ತದ ಗಿವ್‌ಸನ್. ಬೇಸ್‌ಗೆಂದೇ ಆಂಪ್ಲಿಫೈಯರ್ ಇಟ್ಟವರು ವಿರಳ. ಎಲ್ಲವೂ ಅಹೂಜಾ ಮೈಕ್ ಸೆಟ್ಟಿಗೇ ಹೋಗಬೇಕು, ಗಾಯಕರ ಮೈಕಿನ ಪಕ್ಕದ ತೂತಿಗೇ ಬೇಸೂ ಸೇರಬೇಕು. ಭಾಷಣಕ್ಕೆಂದು ಮಾಡಿದ ಹಾರ್ನ್ ಸ್ಪೀಕರಿನಲ್ಲಿ ಮಂದ್ರ ಸ್ವರ ಹುಟ್ಟುವುದೇ ಇಲ್ಲ.

ಅಷ್ಟರಲ್ಲಿ 1987ರ ‘ಪ್ರೇಮಲೋಕ’ ಬಂತು. ಹಂಸಲೇಖ ತಂದ ಆ ಹೊಸ ಸದ್ದಿನಲ್ಲಿ ಸಿಂಥಸೈಜರಿನ ಕೆಲಸ ದೊಡ್ಡದು. ಶಂಕರ್ ನಾಗ್ ಕಟ್ಟಿದ ಸಂಕೇತ್ ಸ್ಟುಡಿಯೊದಂಥವು ತಲೆಯೆತ್ತಿ ಧ್ವನಿಮುದ್ರಣ ಬೆಂಗಳೂರಿಗೆ ಬಂದದ್ದೂ ಸುಮಾರಾಗಿ ಆ ದಶಕದಲ್ಲೇ. ರಸಮಂಜರಿಯ ವೇದಿಕೆಯಲ್ಲಿ ಇದರ ಲೆಕ್ಕಾಚಾರ ಸರಳವಾಗಿತ್ತು: ಕೀಬೋರ್ಡಿನವರ ಎಡಗೈ ಬೇಸ್ ನುಡಿಸಿದರೆ ಒಬ್ಬನ ಸಂಭಾವನೆ ಉಳಿಯಿತು. ಬೇಸ್ ಗಿಟಾರಿಸ್ಟು ತಾನು ಯಾಕೆ ಬೇಕು ಎಂದು ತೋರಿಸಿಕೊಡಬೇಕಾದ ಸ್ಥಿತಿ ಆಗ ಬಂದದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ. ಅವನ ವಾದ್ಯದ ಆಯ್ಕೆಯನ್ನು ನೋಡಬೇಕಾದ್ದು ಇಲ್ಲಿಂದಲೇ.

ಮೊದಲು ತಂತಿಗಳ ಸಂಖ್ಯೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ಕೆಳಗಿನ ಸ್ವರ ಇ, ಸುಮಾರು 41 ಹರ್ಟ್ಸ್. ಐದು ತಂತಿಯದರಲ್ಲಿ ಇನ್ನೂ ಕೆಳಗೊಂದು ಬಿ ತಂತಿ, ಸುಮಾರು 31 ಹರ್ಟ್ಸ್. ಪಾಶ್ಚಾತ್ಯ ಗಿಟಾರಿಸ್ಟುಗಳಿಗೆ ಇ, ಎ ಶ್ರುತಿಗಳು ಸಲೀಸು, ಬಿಟ್ಟ ತಂತಿಯೇ ಷಡ್ಜವಾಗಿ ಒದಗುತ್ತದೆ. ನಮ್ಮ ಗಂಡುದನಿಯ ಹಾಡುಗಳು ಬಿಳಿ ಒಂದು, ಕರಿ ಒಂದು, ಬಿಳಿ ಎರಡು ಎಂದು ಹಾರ್ಮೋನಿಯಂ ಲೆಕ್ಕದಲ್ಲಿ ಕೂರುತ್ತವೆ. ಎಂದರೆ ಸಿ, ಸಿ ಶಾರ್ಪ್, ಡಿ. ಈ ಮೂರರ ಮಂದ್ರ ಷಡ್ಜವೂ ನಾಲ್ಕು ತಂತಿಯ ಬೇಸ್‌ಗೆ ಎಟುಕದಷ್ಟು ಕೆಳಗಿದೆ. ಮೇಲಿನ ಷಡ್ಜ ಹಿಡಿದರೆ ಕೀಬೋರ್ಡಿನ ಎಡಗೈಗಿಂತ ತೆಳ್ಳಗೆ ಕೇಳುತ್ತದೆ. ಐದು ತಂತಿಯಲ್ಲಿ ಅವು ಬಿ ತಂತಿಯ ಒಂದು, ಎರಡು, ಮೂರನೇ ಫ್ರೆಟ್ಟಿನಲ್ಲಿ ಸಾಲಾಗಿ ಸಿಗುತ್ತವೆ.

ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇದೆ. ಹಾಡು ಶುರುವಾಗಲು ಅರ್ಧ ನಿಮಿಷ ಇರುವಾಗ ಗಾಯಕರು ಹಿಂದೆ ತಿರುಗಿ “ಸರ್, ಇವತ್ತು ಗಂಟಲು ಸರಿಯಿಲ್ಲ, ಅರ್ಧ ಇಳಿಸ್ಬಿಡಿ” ಎನ್ನುತ್ತಾರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಸುಮ್ಮನಾಗುತ್ತಾರೆ, ಗಿಟಾರಿನವರು ಕೇಪೋ ಸರಿಸುತ್ತಾರೆ. ಬೇಸ್‌ನವನಿಗೆ ಗುಂಡಿಯೂ ಇಲ್ಲ, ಕೇಪೋ ಹಾಕುವ ಪದ್ಧತಿಯೂ ಇಲ್ಲ. ಬಿಟ್ಟ ತಂತಿಯನ್ನು ನೆಚ್ಚದೆ, ಬೆರಳಿನ ಒಂದೇ ವಿನ್ಯಾಸವನ್ನು ಪಕ್ಕಕ್ಕೆ ಸರಿಸಿ ನುಡಿಸುವುದಕ್ಕೆ ಐದನೇ ತಂತಿ ಜಾಗ ಮಾಡಿಕೊಡುತ್ತದೆ. ಅಮೆರಿಕದ ಸ್ಟುಡಿಯೊ ವಾದಕ ಆಂಟನಿ ಜಾಕ್ಸನ್ 1975ರ ಸುಮಾರಿಗೆ ಆರು ತಂತಿಯ ಬೇಸ್ ಮಾಡಿಸಿಕೊಂಡದ್ದಕ್ಕೆ ಕಾರಣ ಬೇರೆ. ನಮ್ಮಲ್ಲಿ ಐದು ತಂತಿ ಬೇರೂರಲು ಗಾಯಕರ ಗಂಟಲೇ ಸಾಕಾಯಿತು.

ಇಷ್ಟಾಗಿ 31 ಹರ್ಟ್ಸ್ ಹೊರಡಿಸುವ ಸ್ಪೀಕರು ಯಾವ ಬೀದಿ ವೇದಿಕೆಯಲ್ಲಿದೆ? ಇದ್ದುದರಲ್ಲಿ ಒಳ್ಳೆಯ ಬಾಕ್ಸಿನಲ್ಲೂ 41ರ ಇ ತೆಳುವಾಗಿಯೇ ಬರುತ್ತದೆ. ಕಿವಿ ಅದನ್ನು ಗುರುತಿಸುವುದು ಅದರ ದುಪ್ಪಟ್ಟಾದ 82, ಮುಮ್ಮಡಿಯಾದ 123 ಹರ್ಟ್ಸ್‌ನ ಉಪಸ್ವರಗಳಿಂದ. ಮೂಲ ಸ್ವರ ಕಾಣೆಯಾದರೂ ಮೇಲಿನವು ಸರಿಯಾಗಿದ್ದರೆ ಮಿದುಳೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ. ಪೆಡಲ್‌ಗಳ ಚರಿತ್ರೆಯನ್ನು ನಮ್ಮ ವಾದಕರು ಓದಬೇಕಾದ್ದು ಈ ಒಂದು ಸಂಗತಿಯ ಬೆಳಕಿನಲ್ಲಿ. 1962ರ ಮ್ಯಾಸ್ಟ್ರೊ ಫಝ್-ಟೋನ್ ಸದ್ದನ್ನು ಒಡೆದು ಗರಗರ ಮಾಡಿತು. ಜಪಾನಿನ ಬಾಸ್ ಕಂಪನಿ 1977ರಿಂದ ಅಂಗೈಯಗಲದ, ಬಣ್ಣಬಣ್ಣದ ಗಟ್ಟಿ ಡಬ್ಬಿಗಳನ್ನು ತಂದು ಪೆಡಲ್ ಎಂದರೆ ಹೀಗಿರಬೇಕು ಎಂದು ನಿಗದಿ ಮಾಡಿಬಿಟ್ಟಿತು. ನಮಗೆ ನಿಜವಾಗಿ ಒದಗಿಬಂದದ್ದು 90ರ ದಶಕದ ಟೆಕ್ 21 ಸ್ಯಾನ್ಸ್ಆಂಪ್ ಬೇಸ್ ಡ್ರೈವರ್. ಹೆಸರೇ ಹೇಳುವಂತೆ ಆಂಪ್ ಇಲ್ಲದವರಿಗಾಗಿ ಮಾಡಿದ್ದು. ಒಂದು ಕಡೆ ಬೇಸ್ ಸಿಕ್ಕಿಸಿದರೆ ಇನ್ನೊಂದು ಕಡೆಯಿಂದ ನೇರ ಮಿಕ್ಸರಿಗೆ, ನಡುವೆ ಡ್ರೈವ್ ತಿರುಪನ್ನು ಸ್ವಲ್ಪವೇ ಏರಿಸಿದರೆ ಸದ್ದು ಒಡೆದಂತೆ ಅನ್ನಿಸುವುದಿಲ್ಲ, ಉಪಸ್ವರಗಳು ಮಾತ್ರ ದಟ್ಟವಾಗುತ್ತವೆ. ಅದುವರೆಗೆ ಬರೀ ಗುಡುಗುಡು ಎಂದದ್ದು ಸ್ವರವಾಗಿ ಕೇಳುತ್ತದೆ. ಬೇಸ್ ತಿರುಪನ್ನು ಏರಿಸಿದಷ್ಟೂ ಪೆಂಡಾಲಿನಲ್ಲಿ ಬೇಸ್ ಕೇಳುವುದಿಲ್ಲ, ಮಧ್ಯಮ ತಿರುಪು ಏರಿಸಿದರೆ ಕೇಳುತ್ತದೆ. ಇದನ್ನು ಹೊಸಬರಿಗೆ ನಂಬಿಸುವುದು ಮಾತ್ರ ಕಷ್ಟ. ಮನೆಯಲ್ಲಿ ಒಬ್ಬರೇ ಕೂತು ನುಡಿಸುವಾಗ ಆ ಸದ್ದು ಕಿವಿಗೆ ಒರಟಾಗಿರುತ್ತದೆ.

ಗುಂಯ್ ಎನ್ನುವ ಸದ್ದು ಇನ್ನೊಂದು ಅಧ್ಯಾಯ. ದೇವರ ಮಂಟಪಕ್ಕೆ ಸುತ್ತಿದ ಸೀರಿಯಲ್ ಸೆಟ್ಟು, ಲೈಟಿನವರ ಡಿಮ್ಮರು, ಎಲ್ಲಿಂದಲೋ ಎಳೆದ ಕರೆಂಟು, ಸರಿಯಾದ ಅರ್ಥಿಂಗ್ ಇರುವ ಖಾತ್ರಿಯಿಲ್ಲ. ಜಾಝ್ ಬೇಸ್ ಮಾದರಿಯಲ್ಲಿ ಎರಡು ಪಿಕಪ್ಪುಗಳನ್ನೂ ಸಮವಾಗಿ ತೆರೆದಿಟ್ಟರೆ ಒಂದರ ಗುಂಯ್ ಅನ್ನು ಇನ್ನೊಂದು ಅಳಿಸುತ್ತದೆ, ಒಂದನ್ನು ತಗ್ಗಿಸಿದರೆ ಸೀರಿಯಲ್ ಸೆಟ್ಟೇ ಹಾಡಲು ಶುರುಮಾಡುತ್ತದೆ. 1957ರಿಂದ ಪ್ರಿಸಿಷನ್ ಬೇಸ್‌ಗೆ ಬಂದ ಎರಡು ತುಂಡಿನ ಪಿಕಪ್ ಹುಟ್ಟಿನಿಂದಲೇ ಆ ಗುಂಯ್ ಕಳೆಯುವಂಥದು. ಬೀದಿ ವೇದಿಕೆಗೆ ಮೊದಲ ಬೇಸ್ ಯಾವುದು ಎಂದು ಕೇಳಿದರೆ ನನ್ನ ಮತ ಆ ಒಂದು ಕಾರಣಕ್ಕೇ ಪ್ರಿಸಿಷನ್ ಮಾದರಿಗೆ, ಇಲ್ಲವೇ ಹಂಬಕರ್ ಪಿಕಪ್ಪಿನ ಐದು ತಂತಿಗೆ. ವಾದ್ಯವನ್ನು ನೇರ ಮಿಕ್ಸರಿಗೆ ಕೂಡಿಸುವ ಡಿಐ ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ ಗುಂಡಿಯನ್ನು ಒತ್ತಿ ನೋಡುವುದೂ ಮರೆಯಬಾರದು, ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ.

ಪೆಡಲ್ ಸುಟ್ಟುಹೋಗುವ ಕಥೆಗಳ ಹಿಂದೆ ಸಾಮಾನ್ಯವಾಗಿ ಒಂದು ಅಡಾಪ್ಟರ್ ಇರುತ್ತದೆ. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್, ಪಿನ್ನಿನ ನಡುಭಾಗ ಮೈನಸ್. ವೇದಿಕೆಯಲ್ಲಿ ಕೈಗೆ ಸಿಗುವುದು ಯಮಹಾ ಕೀಬೋರ್ಡಿನ 12 ವೋಲ್ಟಿನದು, ನಡುಭಾಗ ಪ್ಲಸ್. ಪಿನ್ನು ಹೊಂದಿಕೊಂಡರೆ ಸಾಕು, ಹಳೆಯ ಪೆಡಲ್ಲೊಂದು ಹೋಯಿತೆಂದೇ ಲೆಕ್ಕ. ಟೌನ್‌ಹಾಲ್ ಹತ್ತಿರದ ಎಸ್.ಪಿ. ರೋಡಿನಲ್ಲಿ, ಸಾದರ್ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಯಾರಿಗೂ ತಿಳಿಯದ ಆ ರಸ್ತೆಯಲ್ಲಿ, ಒಳ್ಳೆಯ ಜ್ಯಾಕು, ವೈರು, ಬೆಸುಗೆ ಹಾಕಿ ಕೊಡುವ ಕೈ ಎಲ್ಲ ಸಿಗುತ್ತವೆ. ಪೆಡಲ್‌ಗೆ ಹತ್ತು ಸಾವಿರ ಸುರಿದು ಕೇಬಲ್ಲಿಗೆ ನೂರೈವತ್ತು ಕೊಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

1991ರ ನಂತರ ಆಮದು ಸಡಿಲಗೊಂಡು ಐಬನೆಜ್, ಯಮಹಾ, ಸ್ಕ್ವಯರ್ ಬೇಸ್‌ಗಳು ಅಂಗಡಿಯಲ್ಲೇ ಮುಟ್ಟಿ ನೋಡಲು ಸಿಕ್ಕವು. ಝೂಮ್ 506ರಂಥ ಪುಟ್ಟ ಮಲ್ಟಿ-ಎಫೆಕ್ಟ್ ಪೆಟ್ಟಿಗೆಗಳು ಹತ್ತಾರು ಪೆಡಲ್ ಒಟ್ಟಿಗೆ ಕೊಡುತ್ತೇವೆ ಎಂದವು. ಕೊಟ್ಟದ್ದು ಹೆಚ್ಚುಪಾಲು ಜೇನ್ನೊಣದ ಝೇಂಕಾರ. ಆದರೂ ಕಲಿಯುವವರಿಗೆ ಕೋರಸ್ ಎಂದರೇನು, ಕಂಪ್ರೆಸರ್ ಎಂದರೇನು ಎಂದು ಹೇಳಿಕೊಟ್ಟದ್ದು ಅವೇ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ, ಸ್ಟೀವ್ ಹ್ಯಾರಿಸ್ ಪ್ರಿಸಿಷನ್ ಬೇಸ್‌ನಲ್ಲಿ ಬರೀ ಬೆರಳುಗಳಿಂದ ಮಾಡಿದ್ದನ್ನು ಕಂಡು ಬಂದ ಹುಡುಗರಲ್ಲಿ ಎಷ್ಟೋ ಮಂದಿ ಪೆಡಲ್ ಹುಡುಕಿಕೊಂಡೇ ಹೊರಟರು. ಪಾಠ ಅದಾಗಿರಲಿಲ್ಲ.

ಕನ್ನಡದ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಅದೇ ದಶಕದ ಜಾನಪದ-ರಾಕ್ ಬ್ಯಾಂಡುಗಳು. ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಗೌರವ್ ವಾಜ್, ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ಹಿಡಿದು ವೇದಿಕೆಯ ಮುಂದಕ್ಕೇ ಬಂದರು. ತತ್ವಪದ, ಜನಪದ ಗೀತೆಗಳಲ್ಲಿ ಪಾಶ್ಚಾತ್ಯ ಹಾಡಿನಂತೆ ಕಾರ್ಡ್ ಮೇಲೆ ಕಾರ್ಡ್ ಬದಲಾಗುವುದಿಲ್ಲ, ತಂಬೂರಿಯ ಷಡ್ಜದ ಸುತ್ತಲೇ ಹಾಡು ಬೆಳೆಯುತ್ತದೆ. ಅಲ್ಲಿ ಬೇಸ್ ಅತಿ ಜಾಣತನ ತೋರಿಸಿದರೆ ಹಾಡು ಕೆಡುತ್ತದೆ, ಒಂದೇ ಸ್ವರದಲ್ಲಿ ನಿಂತು ಲಯ ಬದಲಿಸುತ್ತ ಹೋದರೆ ನಿಲ್ಲುತ್ತದೆ. ಕೆಳಗಿನ ಸ್ಥಾಯಿಯ ಸ್ವರವನ್ನು ಜೊತೆಗೆ ಕೂಡಿಸುವ ಆಕ್ಟೇವ್ ಪೆಡಲ್ ಇಂಥ ಕಡೆ ಚೆಂದ. 1982ರ ಬಾಸ್ ಒಸಿ-2 ಅಂಥ ಹಿರಿಯ ಪೆಡಲ್‌ಗಳಲ್ಲೊಂದು. ಇ ತಂತಿಯ ಕೆಳತುದಿಯಲ್ಲಿ ಅದು ತಡವರಿಸುತ್ತದೆ, ಆದ್ದರಿಂದ ಮೇಲಿನ ತಂತಿಗಳಲ್ಲಿ ನುಡಿಸಬೇಕು.

ಕಾನೂನೂ ಈ ಕಥೆಯೊಳಗೆ ಬರುತ್ತದೆ. ಶಬ್ದ ಮಾಲಿನ್ಯದ 2000ದ ನಿಯಮ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಿತು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಾಗ, ಕ್ಯಾಬರೆ ಎಂಬ ಗುಮಾನಿಗೆ ಸಿಕ್ಕ ಲೈವ್ ಬ್ಯಾಂಡ್ ಬಾರುಗಳ ಜೊತೆಗೆ ಗಿಟಾರ್ ಹಿಡಿದು ಹಾಡುವ ಪಬ್ಬುಗಳೂ ಸದ್ದಡಗಿ ಕೂರಬೇಕಾಯಿತು. ಕೆಲಸ ಕಡಿಮೆಯಾಯಿತು, ಸಿಕ್ಕ ಕಡೆ ಸದ್ದು ಕಡಿಮೆ ಇರಬೇಕಾಯಿತು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯಂಥ, ತಲೆಭಾಗವೊಂದೇ 35 ಕಿಲೋಗೂ ಮೀರಿದ 300 ವಾಟಿನ ಆಂಪ್ ನಮ್ಮ ಗಲ್ಲಿಗಳಿಗೆ ಯಾವತ್ತೂ ಹೊಂದುತ್ತಿರಲಿಲ್ಲ, ಈಗಂತೂ ಕೇಳುವವರಿಲ್ಲ. ಡಿಐ ಪೆಡಲ್, ಕಿವಿಯೊಳಗಿನ ಮಾನಿಟರ್, ಆಂಪ್‌ನ ಸದ್ದನ್ನೇ ಅನುಕರಿಸುವ ಡಿಜಿಟಲ್ ಪೆಟ್ಟಿಗೆ, ಇಷ್ಟೂ ಒಂದು ಚೀಲದಲ್ಲಿ ಹಿಡಿಸಿ ಮೆಟ್ರೊದಲ್ಲಿ ಬಂದುಬಿಡುತ್ತವೆ.

ಹಾಗಾದರೆ ಈಗ ಹೊಸದಾಗಿ ಶುರುಮಾಡುವವರು? ದುಡ್ಡು 40–50 ಸಾವಿರದ ಒಳಗಿದ್ದರೆ ಅರ್ಧಕ್ಕಿಂತ ಹೆಚ್ಚನ್ನು ಬೇಸ್‌ಗೆ ಹಾಕಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕತ್ತಿನ ಮೇಲಿಂದ ಕಣ್ಣು ಹಾಯಿಸಿ ಬಾಗಿದೆಯೇ ನೋಡಿ, ಟ್ರಸ್ ರಾಡ್ ತಿರುಗುತ್ತದೆಯೇ ಕೇಳಿ, ಹನ್ನೆರಡನೇ ಫ್ರೆಟ್ಟಿನ ಸ್ವರವನ್ನು ಬಿಟ್ಟ ತಂತಿಯ ಜೊತೆ ಟ್ಯೂನರಿನಲ್ಲಿ ಹೋಲಿಸಿ. ಆಮೇಲೆ ಟ್ಯೂನರ್ ಪೆಡಲ್: ಇಬ್ಬರು ಗಾಯಕರ ನಡುವಿನ ನಿರೂಪಕರ ಮಾತಿನಲ್ಲಿ ಸದ್ದಿಲ್ಲದೆ ಶ್ರುತಿ ಮಾಡಿಕೊಳ್ಳಲು ಅದೊಂದೇ ದಾರಿ. ಅದರ ನಂತರ ಡಿಐ ಇರುವ ಡ್ರೈವ್ ಪೆಡಲ್, ಕೈಯಲ್ಲಿ ಇನ್ನೂ ಹಣವಿದ್ದರೆ ಕಂಪ್ರೆಸರ್. ಆಕ್ಟೇವ್, ಕೋರಸ್, ಎನ್ವಲಪ್ ಫಿಲ್ಟರ್‌ಗಳನ್ನು ಮೊದಲ ಹತ್ತು ಕಾರ್ಯಕ್ರಮಗಳ ಸಂಪಾದನೆಯಿಂದ ಕೊಂಡರೆ ಸಾಕು. ಹೊಸ ಬೋರ್ಡನ್ನು ಮೊದಲು ಸೌಂಡಿನವರಿಗೆ ತೋರಿಸಿ, ಮಿಕ್ಸರಿನಲ್ಲಿ ಬೇಸ್‌ಗೆ ಯಾವ ಚಾನೆಲ್ ಕೊಡುತ್ತಾರೆ ಎಂದು ಕಾರ್ಯಕ್ರಮದ ಹಿಂದಿನ ದಿನವೇ ಫೋನು ಮಾಡಿ ಕೇಳಿಕೊಳ್ಳಿ.