ತಳದ ಎಣ್ಣೆ: ವೈಟಿಂಗ್‌ನಿಂದ ಕುತ್ತೆತ್ತೂರಿಗೆ

ಕಚ್ಚಾತೈಲವನ್ನು ಕಾಸಿ ಬಟ್ಟಿ ಇಳಿಸಿದಾಗ ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇರೆಬೇರೆ ಮಟ್ಟದಲ್ಲಿ ಬೇರ್ಪಟ್ಟು, ಬಟ್ಟಿ ಇಳಿಸುವ ಗೋಪುರದ ತಳದಲ್ಲಿ ಡಾಂಬರಿನಂಥ ಮಂದ ಎಣ್ಣೆ ಉಳಿಯುತ್ತದೆ. ಅದರ ಉದ್ದನೆಯ ಅಣುಗಳನ್ನು ಬರೀ ಶಾಖದಿಂದ ತುಂಡರಿಸಿ ಹಗುರ ಇಂಧನ ಮಾಡುವುದೇ ಥರ್ಮಲ್ ಕ್ರ್ಯಾಕಿಂಗ್. ರಷ್ಯಾದ ವ್ಲಾದಿಮಿರ್ ಶುಖೋವ್ 1891ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಆಗ ಜನರಿಗೆ ಬೇಕಿದ್ದದ್ದು ದೀಪದ ಸೀಮೆಎಣ್ಣೆ. ಪೆಟ್ರೋಲಿಗೆ ಗಿರಾಕಿಯೇ ಇರಲಿಲ್ಲ.

ಮೋಟಾರು ಕಾರು ಬಂದ ಮೇಲೆ ಲೆಕ್ಕ ತಿರುಗಿತು. ಅಮೆರಿಕದ ವೈಟಿಂಗ್ ರಿಫೈನರಿಯ ವಿಲಿಯಂ ಬರ್ಟನ್ 1913ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಭಾರವಾದ ಎಣ್ಣೆಯನ್ನು ಒತ್ತಡದಲ್ಲಿಟ್ಟು ಸುಮಾರು 400 ಡಿಗ್ರಿಗೆ ಕಾಯಿಸುತ್ತಿದ್ದರು. ಪೆಟ್ರೋಲಿನ ಇಳುವರಿ ಇಮ್ಮಡಿಯಾಯಿತು. ತೊಡಕು ಎಣ್ಣೆಯದಲ್ಲ, ಕೋಕಿನದು. ಪ್ರತಿ ಸರದಿಯ ನಂತರ ಪಾತ್ರೆಯೊಳಗೆ ಈ ಕೋಕ್, ಅಂದರೆ ಇಂಗಾಲದ ಕರಿ ಹೆಕ್ಕಳೆ, ಗಟ್ಟಿಯಾಗಿ ಅಂಟುತ್ತಿತ್ತು. ಪಾತ್ರೆ ಆರಿದ ಮೇಲೆ ಕೆಲಸಗಾರರು ಒಳಗಿಳಿದು ಕೆರೆದು ತೆಗೆಯಬೇಕಿತ್ತು. ಮುಂದಿನ ಚರಿತ್ರೆ ಬಹುಪಾಲು ಈ ಕೋಕನ್ನು ಎಲ್ಲಿ ಕೂರಿಸುವುದು, ಹೇಗೆ ಹೊರತೆಗೆಯುವುದು ಎಂಬುದರದೇ.

1930ರಲ್ಲಿ ಅದೇ ವೈಟಿಂಗ್‌ನಲ್ಲಿ ಡಿಲೇಡ್ ಕೋಕರ್ ಬಂತು. ಇದರಲ್ಲಿ ಎಣ್ಣೆ ಕುಲುಮೆಯ ಕೊಳವೆಗಳಲ್ಲಿ 500 ಡಿಗ್ರಿಯ ಹತ್ತಿರಕ್ಕೆ ಕಾದು, ಅಲ್ಲಿ ನಿಲ್ಲದೆ ವೇಗವಾಗಿ ಸಾಗಿ ದೊಡ್ಡ ಡ್ರಮ್ಮಿಗೆ ಬೀಳುತ್ತದೆ. ಅಣುಗಳು ಒಡೆದು ಕೋಕ್ ಕಟ್ಟುವುದು ಡ್ರಮ್ಮಿನಲ್ಲೇ. ಹಗುರ ಆವಿ ಮೇಲಿನಿಂದ ಹೊರಹೋಗುತ್ತದೆ. ಒಂದು ಡ್ರಮ್ ತುಂಬುವಾಗ ಜೋಡಿ ಡ್ರಮ್ಮನ್ನು ಖಾಲಿ ಮಾಡುತ್ತಾರೆ. ಮೊದಮೊದಲು ಒಳಗೆ ಉಕ್ಕಿನ ಹಗ್ಗ ಸುತ್ತಿಟ್ಟು, ಕೋಕ್ ಗಟ್ಟಿಯಾದ ಮೇಲೆ ಅದನ್ನು ಎಳೆದು ಒಡೆಯುತ್ತಿದ್ದರು. ಈಗ ಭಾರಿ ಒತ್ತಡದ ನೀರಿನ ಜೆಟ್ಟಿನಿಂದ ಕತ್ತರಿಸುತ್ತಾರೆ.

ಕರ್ನಾಟಕಕ್ಕೆ ಈ ವಿದ್ಯೆ ತಡವಾಗಿ ಬಂತು. 1988ರಲ್ಲಿ ಸ್ಥಾಪನೆಯಾದ ರಿಫೈನರಿ ಕಂಪನಿ ಎಂಆರ್‌ಪಿಎಲ್, ಮಂಗಳೂರಿನ ಹೊರವಲಯದ ಕುತ್ತೆತ್ತೂರಿನಲ್ಲಿ 1996ರಲ್ಲಿ ಕೆಲಸ ಶುರುಮಾಡಿತು. ಅಲ್ಲಿ ಮೊದಲು ಇದ್ದದ್ದು ವಿಸ್‌ಬ್ರೇಕರ್. ಇದು ಅಣುಗಳನ್ನು ಅರೆಬರೆ ಒಡೆಯುತ್ತದಷ್ಟೆ. ಎಣ್ಣೆ ತೆಳುವಾಗಿ ಫರ್ನೇಸ್ ಆಯಿಲ್ ಆಗಿ ಮಾರಲು ಸಲ್ಲುತ್ತದೆ, ಆದರೆ ಬೆಲೆ ಕಡಿಮೆ. 2003ರಲ್ಲಿ ಕಂಪನಿ ಸರ್ಕಾರಿ ತೈಲ ಸಂಸ್ಥೆ ಒಎನ್‌ಜಿಸಿಯ ತೆಕ್ಕೆಗೆ ಬಂತು. ವರ್ಷಕ್ಕೆ 30 ಲಕ್ಷ ಟನ್ ತಳದ ಎಣ್ಣೆ ತಿನ್ನುವ ಡಿಲೇಡ್ ಕೋಕರ್ ಮೂರನೇ ಹಂತದ ವಿಸ್ತರಣೆಯಲ್ಲಿ 2014ರಲ್ಲಿ ಚಾಲೂ ಆಯಿತು. ಗಂಧಕ ಹೆಚ್ಚಿರುವ ಅಗ್ಗದ ಕಚ್ಚಾತೈಲ ಕೊಳ್ಳಲು ಇದರಿಂದ ಧೈರ್ಯ ಬಂತು.

ಕೋಕ್ ಮಾತ್ರ ಇಲ್ಲೂ ಬಿಡಲಿಲ್ಲ. ಪಕ್ಕದ ಜೋಕಟ್ಟೆಯ ಜನ ಕೋಕಿನ ಪುಡಿ, ವಾಸನೆ, ಸದ್ದಿನ ವಿರುದ್ಧ ದೀರ್ಘಕಾಲ ಹೋರಾಡಿದರು. ಇಂಥ ಘಟಕ ಕಟ್ಟುವಾಗ ಲಾಭದ ಲೆಕ್ಕಕ್ಕಿಂತ ಮೊದಲು ಊರಿಗೂ ಕೋಕಿನ ರಾಶಿಗೂ ಎಷ್ಟು ದೂರ ಎಂದು ಅಳೆಯಬೇಕಿತ್ತು.